ಅಟ್ಟದ ಮೇಲಿನ ಜನಸಂಖ್ಯೆ

…ಅಥವಾ ಆ ದಸರೆಯ ಸಂಜೆ ನಮ್ಮ ಬಾಗಿಲಾಚೆಯ ಚಪ್ಪಲಿಗಳನ್ನು ಎಣಿಸಿದವರು ಬ್ರಯನ್ ಅಲ್ಲವೇ ಅಲ್ಲವೇನೋ. ನನ್ನ ನೆನಪಿನಲ್ಲಿ ಅವರು ಬೇಲಿಯ ಆಚೆ ನಿಂತು, ಊರುಗೋಲಿನ ತುದಿಯಿಂದ ಗಾಳಿಯಲ್ಲೇ ಒಂದೊಂದು ಜೋಡಿಯನ್ನೂ ಮುಟ್ಟುತ್ತ, ತುಟಿ ಅಲ್ಲಾಡಿಸುತ್ತಿದ್ದಾರೆ. ಮಳೆ ಬೇರೆ ಹನಿಯುತ್ತಿದೆ. ಆದರೆ ಈ ಊರಿನ ನನ್ನ ಎಲ್ಲ ನೆನಪುಗಳಲ್ಲೂ ಮಳೆ ಹನಿಯುತ್ತಿರುತ್ತದೆ, ಮನೆಯೊಳಗೆ ನಡೆದವುಗಳಲ್ಲೂ ಕೂಡ. ಆದ್ದರಿಂದ ಅದನ್ನು ಸಾಕ್ಷಿ ಎಂದು ಒಪ್ಪಲಾಗದು. ಹೆಂಡತಿ ವಸುಧಾಳನ್ನು ಕೇಳಿದರೆ, "ಅವರ ಆಪರೇಷನ್ ಆಗಿ ಆಗಲೇ ಎಷ್ಟೋ ದಿನ ಆಗಿತ್ತಲ್ರೀ, ಊರುಗೋಲೆಲ್ಲಿ ಬಂತು?" ಎನ್ನುತ್ತಾಳೆ. ಅವಳು ಆಸ್ಪತ್ರೆಯ ಡಾಕ್ಟರು. ಊರುಗೋಲಿನ ವಿಷಯದಲ್ಲಿ ಅವಳ ಮಾತೇ ಕೊನೆ. ಹಾಗಾದರೆ ನಾನು ಕಂಡ ಊರುಗೋಲು ಯಾರದು? ಎಲ್ಲಿಂದಲೋ ಬಂದು ನನ್ನ ನೆನಪಿನಲ್ಲಿ ನೆಲೆಸಿದ ವಲಸೆಯ ಊರುಗೋಲು ಇರಬೇಕು. ಇರಲಿ ಪಾಪ, ಎಲ್ಲಿಗೆ ಅಂತ ಹೋದೀತು.

ಬ್ರಯನ್ ನಮ್ಮ ಪಕ್ಕದ ಮನೆಯವರು. ಲೀಡ್ಸ್‌ನ ನಮ್ಮ ಬೀದಿಯ ಮನೆಗಳೆಲ್ಲ ಎರಡೆರಡಾಗಿ ಅಂಟಿಕೊಂಡೇ ಹುಟ್ಟಿದವು, ನಡುವೆ ಒಂದೇ ಗೋಡೆ. ನಮ್ಮ ಕುಕ್ಕರಿನ ಸೀಟಿ ಅವರಿಗೆ ಕೇಳುತ್ತದೆ, ಫುಟ್‌ಬಾಲ್ ನೋಡುತ್ತ ಅವರು ಬೈಯುವುದು ನಮಗೆ ಕೇಳುತ್ತದೆ. ಬಸ್ ಓಡಿಸಿ ನಿವೃತ್ತರಾದವರು. ಅವರ ಮಗಳು, ಮತ್ತು ನಮ್ಮ ಮಗಳು ಇಳಾಳ ವಯಸ್ಸಿನವಳೇ ಆದ ಮೊಮ್ಮಗಳು ಎಲಿ ಜೊತೆಗಿದ್ದಾರೆ. ಈ ಕಡೆ ಗಂಡಸರು ಗಂಡಸರನ್ನೂ 'ಲವ್' ಎಂದು ಕರೆಯುತ್ತಾರೆ; ಬ್ರಯನ್ ಮೊದಲ ಸಲ ಹಾಗೆ ಕರೆದಾಗ ನಾನು ಕೆಲವು ದಿನ ಹಿತ್ತಲಿಗೇ ಹೋಗಲಿಲ್ಲ. "ಈ ದೇಶ ತುಂಬಿಹೋಯ್ತು, ಲವ್," ಎನ್ನುವುದು ಅವರ ನಿತ್ಯದ ಮಾತು. "ನಿಲ್ಲೋದಕ್ಕೂ ಜಾಗ ಇಲ್ಲ ಅಂದ ಮೇಲೆ ಡ್ರೈವರು ಸ್ಟಾಪಿನಲ್ಲಿ ಬಸ್ ನಿಲ್ಲಿಸಬಾರದು." ಆಮೇಲೆ ನನ್ನ ಮುಖ ನೋಡಿ, "ನಿನಗಲ್ಲ ಹೇಳಿದ್ದು. ನೀನು ಹತ್ತಿ ಆಯ್ತಲ್ಲ." ಅವರ ಸೊಂಟದ ಕೀಲು ಬದಲಾಯಿಸಿದ ಸರ್ಜನ್ ಹುಬ್ಬಳ್ಳಿಯವರು, ಆಮೇಲೆ ನಡೆಯಲು ಕಲಿಸಿದಾಕೆ ಕೇರಳದವಳು. ಅವರಿಗೂ ಅಲ್ಲ. ಬ್ರಯನ್‌ಗೆ ಪರಿಚಯವಿರುವ ಯಾರಿಗೂ ಅಲ್ಲ. ಈ ದೇಶವನ್ನು ತುಂಬಿದವರು ಅವರಿಗೆ ಪರಿಚಯವೇ ಇಲ್ಲದ ಬೇರೆ ಯಾರೋ.

ನಗಬೇಡಿ, ನಾನೂ ಇದನ್ನು ಒಪ್ಪುತ್ತೇನೆ. ಬೆಳಿಗ್ಗೆ ಎಂಟಕ್ಕೆ ಜಿಪಿ, ಅಂದರೆ ಬಡಾವಣೆಯ ಡಾಕ್ಟರ, ಅಪಾಯಿಂಟ್‌ಮೆಂಟಿಗೆ ಫೋನು ಮಾಡಿ, ಸಾಲಿನಲ್ಲಿ ನನಗಿಂತ ಮುಂದೆ ಒಂದು ಸಣ್ಣ ತಾಲ್ಲೂಕೇ ಇದೆ ಎಂದು ಯಂತ್ರದ ದನಿ ಹೇಳುವಾಗ ನನಗೂ ಹಾಗೇ ಅನ್ನಿಸುತ್ತದೆ. ಒಂದು ದಿನ ಹಾಗೆ ಕಾಯುತ್ತ, ಫೋನಿನ ಸ್ಪೀಕರಿನಲ್ಲಿ ಪಿಟೀಲು ಕೇಳುತ್ತ ಕುಳಿತು, "ಜನ ಜಾಸ್ತಿಯಾದ್ರು ವಸು. ಎಲ್ಲಿಂದ ಬರ್ತಾರೋ!" ಎಂದೆ.

"ಮೈಸೂರಿಂದ," ಎಂದಳು ವಸುಧಾ, ಬ್ರೆಡ್ಡಿಗೆ ಬೆಣ್ಣೆ ಸವರುತ್ತ.

ವಿಷಯಕ್ಕೆ ಬರುತ್ತೇನೆ. ನಾವಿರುವುದು ಬಾಡಿಗೆ ಮನೆ. ಮಾಲೀಕರು ಇಕ್ಬಾಲ್ ಸಾಹೇಬರು. ಅವರ ತಾತ ಬ್ರಾಡ್‌ಫರ್ಡಿನ ಉಣ್ಣೆ ಗಿರಣಿಗೆಂದು ಬಂದವರು. ಹಗಲು ಪಾಳಿಯವನು ಎದ್ದ ಹಾಸಿಗೆಯಲ್ಲೇ ರಾತ್ರಿ ಪಾಳಿಯವನು ಬಂದು ಮಲಗುತ್ತಿದ್ದನಂತೆ, ಹಾಸಿಗೆಗೆ ತಣ್ಣಗಾಗಲು ಪುರುಸೊತ್ತೇ ಇರುತ್ತಿರಲಿಲ್ಲವಂತೆ. ಇದನ್ನು ಸಾಹೇಬರು ಹೆಮ್ಮೆಯಿಂದ ಹೇಳಿ, ಕೊನೆಗೆ ತಮ್ಮ ಹಿಂದೂಸ್ತಾನಿಯಲ್ಲಿ, "ಆಗಿನವರ ಮಾತೇ ಬೇರೆ, ಭಾಯಿಸಾಬ್. ಈಗ ಬರೋವ್ರು ಹಾಗಲ್ಲ," ಎಂದು ಮುಗಿಸುತ್ತಾರೆ. ನಮ್ಮ ಕರಾರಿನಲ್ಲಿ ಸ್ಪಷ್ಟವಾಗಿ ಬರೆಸಿದ್ದರು: ಮನೆಯಲ್ಲಿ ಮೂರೇ ಜನ, ಹೆಚ್ಚಾದರೆ ಖಾಲಿ ಮಾಡಬೇಕು. ಅದನ್ನು ಆ ಸಲದ ದಸರೆ ಕಳೆದ ಮೇಲೆ ನವೀಕರಿಸಬೇಕಿತ್ತು. ನಮಗೆ ಅದು ಬರೀ ಮನೆಯ ಪ್ರಶ್ನೆಯಾಗಿರಲಿಲ್ಲ. ಬೀದಿಯ ಕೊನೆಗೆ ಸ್ಕೂಲಿದೆ. ಅದರ ಮುಂದಿನ ಸೆಪ್ಟೆಂಬರಿಗೆ ಇಳಾ ಅಲ್ಲಿ ಸೇರಬೇಕಿತ್ತು. ಅಲ್ಲಿ ಸೀಟು ಕೊಡುವುದು ಮನೆ ಬಾಗಿಲಿನಿಂದ ಸ್ಕೂಲಿಗಿರುವ ದೂರ ಅಳೆದು. ವಸುಧಾಳ ಆಸ್ಪತ್ರೆ ಪಾಳಿಯ ರೋಟಾ ದೇವರಿಗೂ ಅರ್ಥವಾಗುವಂಥದ್ದಲ್ಲ; ನಾನು ನಸುಕಿಗೇ ರೈಲು ಹಿಡಿದು ಸಾಲ್‌ಫರ್ಡಿನ ಮೀಡಿಯಾಸಿಟಿಯ ಆಫೀಸಿಗೆ ಓಡುವವನು. ಆ ಮನೆ ಹೋದರೆ ಆ ಸ್ಕೂಲು ಹೋಯಿತು, ಆ ಸ್ಕೂಲು ಹೋದರೆ ನಮ್ಮಿಬ್ಬರಲ್ಲಿ ಒಬ್ಬರ ಕೆಲಸ ಹೋಯಿತು.

ಇಂಥ ಹೊತ್ತಿನಲ್ಲಿ ತಲೆಯಿರುವವರು ಸದ್ದಿಲ್ಲದೆ ಇರುತ್ತಾರೆ. ನಾವು ಗೊಂಬೆ ಕೂರಿಸಿದೆವು.

ಗೊಂಬೆಗಳೂ ನಮ್ಮಂತೆಯೇ ಸೂಟ್‌ಕೇಸಿನಲ್ಲಿ ತೂಕ ನೋಡಿ ಬಂದವು. ರಾಜ, ರಾಣಿ, ಶೆಟ್ಟರು, ಶೆಟ್ಟಮ್ಮ, ಬ್ಯಾಂಡಿನವರು, ಪೊಲೀಸರು. ಅವರಿಗೆ ಜಾಗ ಬೇಕೆಂದು ನನ್ನ ಕೋಟು ಮೈಸೂರಿನಲ್ಲೇ ಉಳಿಯಿತು. ಆ ಚಳಿಗಾಲವಿಡೀ ನಾನು ನಡುಗಿದೆ, ರಾಣಿ ಬೆಚ್ಚಗಿದ್ದಳು. ವರ್ಷದ ಉಳಿದ ದಿನ ಅವರ ವಾಸ ಅಟ್ಟದಲ್ಲಿ, ಹಳೆಯ ಪೇಪರು ಸುತ್ತಿಕೊಂಡು, ರಟ್ಟಿನ ಪೆಟ್ಟಿಗೆಗಳಲ್ಲಿ. "ನಿಮ್ಮ ಅಟ್ಟದಲ್ಲಿ ಯಾರೋ ಓಡಾಡಿದ ಹಾಗಿರುತ್ತೆ, ಲವ್," ಎಂದು ಬ್ರಯನ್ ಒಂದೆರಡು ಸಲ ಹೇಳಿದ್ದರು. ಹೀಟಿಂಗಿನ ಕೊಳವೆ ಇರಬೇಕು ಎಂದಿದ್ದೆ. ಕೊಳವೆ ಅಟ್ಟದವರೆಗೆ ಹೋಗುತ್ತದೋ ಇಲ್ಲವೋ, ನಾನು ನೋಡಿದವನಲ್ಲ.

ಗೊಂಬೆ ಕೂರಿಸಿದ ಸಂಜೆ ಹಡರ್ಸ್‌ಫೀಲ್ಡಿನಿಂದ, ಲಫ್‌ಬರೋದಿಂದ ಕೂಡ ಕನ್ನಡದವರು ಬಂದರು. ಒಳಗೆ ಕಾಲಿಡಲು ಜಾಗವಿಲ್ಲದೆ ಚಪ್ಪಲಿ, ಬೂಟುಗಳೆಲ್ಲ ಬಾಗಿಲಾಚೆ ಬಿದ್ದಿದ್ದವು. ಆರತಿಯ ಹೊತ್ತಿಗೆ ಸರಿಯಾಗಿ ಇಕ್ಬಾಲ್ ಸಾಹೇಬರು ಬಂದರು. ಯಾರಾದರೂ ಫೋನು ಮಾಡಿದ್ದರೋ, ಸುಮ್ಮನೆ ಬಂದರೋ ತಿಳಿಯದು. ಬಾಗಿಲು ತೆರೆದಾಗ ಅವರು ನನ್ನನ್ನು ನೋಡುತ್ತಿರಲಿಲ್ಲ, ನೆಲ ನೋಡುತ್ತಿದ್ದರು.

"ಭಾಯಿಸಾಬ್, ಕರಾರಿನಲ್ಲಿ ಮೂರು ಜನ. ಇಲ್ಲಿ ಇಷ್ಟೊಂದು ಕಾಲು!"

"ಗೆಸ್ಟುಗಳು ಸಾಹೇಬರೇ. ನೋಡ್ಕೊಂಡು ಹೋಗೋಕೆ ಬಂದಿದ್ದಾರೆ."

"ಏನನ್ನ ನೋಡೋಕೆ?"

"ಗೊಂಬೆ."

ಮಧ್ಯವಯಸ್ಸಿನ ಎಂಜಿನಿಯರುಗಳು, ಮಂಡಿ ನೋವಿನ ಡಾಕ್ಟರುಗಳು, ಮಳೆಯಲ್ಲಿ ಮೋಟಾರ್‌ವೇ ಹಿಡಿದು ಗೊಂಬೆ ನೋಡಲು ಬಂದಿದ್ದಾರೆ. ನಾನು ಹೇಳಿದ್ದು ನಿಜ. ಆದರೆ ಆ ನಿಜ ಬಾಯಿಂದ ಹೊರಗೆ ಬಿದ್ದ ಕೂಡಲೇ ಅದು ಸುಳ್ಳೆಂದು ನನಗೇ ಖಾತ್ರಿಯಾಯಿತು. ಅಷ್ಟರಲ್ಲಿ ಧಾರವಾಡದ ಶಾಂತಕ್ಕ ಒಳಗಿನಿಂದ, "ಯಾರ್ರೀ ಬಂದವ್ರು? ಒಳಗ ಕರೀರಿ, ಉಸಲಿ ಆರಿ ಹೋಗ್ತದ!" ಎಂದು ಕೂಗಿದರು. ಸಾಹೇಬರು ಅದನ್ನು ಒಂದು ಮೆಸ್ಸಿನ ಕೂಗೆಂದು ತಿಳಿದರು, ಅವರ ಕಣ್ಣಲ್ಲೇ ಗೊತ್ತಾಯಿತು.

ಅವರು ಕುಕ್ಕರುಗಾಲಲ್ಲಿ ಕುಳಿತು, ಬಾಗಿಲಿಗೆ ಓಡಿಬಂದಿದ್ದ ಇಳಾಳನ್ನು ಇಂಗ್ಲಿಷಿನಲ್ಲಿ ಕೇಳಿದರು: "ಈ ಮನೆಯಲ್ಲಿ ಯಾರ್ಯಾರು ಇರ್ತಾರೆ, ಬೇಟಾ?"

ಇಳಾ ಬೆರಳು ಮಡಿಸಿದಳು. ಅಮ್ಮ, ಅಪ್ಪ, ನಾನು, ರಾಜ, ರಾಣಿ, ಅಂಗಡಿಯವರು, ಅವರ ಹೆಂಡತಿ, ಬ್ಯಾಂಡಿನವರು. ಬೆರಳು ಮುಗಿಯಿತು.

"ಅವರೆಲ್ಲ ಎಲ್ಲಿ ಮಲಗ್ತಾರೆ?"

"ಲಾಫ್ಟ್‌ನಲ್ಲಿ. ಬಾಕ್ಸ್ ಒಳಗೆ. ಅಪ್ಪ ಪೇಪರ್ ಹೊದಿಸ್ತಾರೆ."

"ಚಳಿ ಆಗಲ್ವಾ?"

"ಏನೂ ಹೇಳಲ್ಲ. ಕೈ ಮುರಿದ್ರೆ ಅಮ್ಮ ಗ್ಲೂ ಹಾಕ್ತಾಳೆ."

ಸಾಹೇಬರು ನಿಧಾನವಾಗಿ ಎದ್ದು ವಸುಧಾಳನ್ನು ನೋಡಿದರು. ಎಷ್ಟಾದರೂ ಆಕೆ ಡಾಕ್ಟರು. "ಏಣಿ ಕೊಡಿ," ಎಂದರು.

ಬೂಟು ಬಿಚ್ಚಿ, ನಮ್ಮವರ ರಾಶಿಗೆ ತಮ್ಮದೊಂದು ಜೋಡಿಯನ್ನೂ ಸೇರಿಸಿ, ಅಟ್ಟ ಹತ್ತಿದರು. ಗೊಂಬೆಗಳೆಲ್ಲ ಕೆಳಗಿದ್ದದ್ದರಿಂದ ಅಲ್ಲಿ ಸಾಲಾಗಿ ಬಾಯಿ ತೆರೆದ ಪೆಟ್ಟಿಗೆಗಳು, ಒಳಗೆ ಹರಡಿದ ಪೇಪರುಗಳು ಮಾತ್ರ. ಇಳಿಯುವಾಗ ತಲೆಗೆ ಜೇಡರ ಬಲೆ ಮೆತ್ತಿತ್ತು. ತಾತನ ಹಾಸಿಗೆಯ ಕತೆ ಬಲ್ಲ ಮನುಷ್ಯ. ಅವರಿಗೆ ಯಾರೂ ಏನೂ ಬಿಡಿಸಿ ಹೇಳಬೇಕಿರಲಿಲ್ಲ.

"ಹಾಸಿಗೆ ಹಾಸಿದೆ," ಎಂದರು. "ಇನ್ನೂ ಬೆಚ್ಚಗಿದೆ. ಜನರನ್ನ ಎಲ್ಲಿ ಬಚ್ಚಿಟ್ಟಿರಿ?"

ಇಳಾ ಅವರ ಕೈಹಿಡಿದು ಕೋಣೆಗೆ ಕರೆದುಕೊಂಡು ಹೋದಳು. ಮೆಟ್ಟಿಲುಮೆಟ್ಟಿಲಾಗಿ ಕುಳಿತಿದ್ದ ನಮ್ಮ ಬಾಡಿಗೆ ಕೊಡದ ಪ್ರಜೆಗಳನ್ನು ಒಬ್ಬೊಬ್ಬರಾಗಿ ಪರಿಚಯಿಸಿದಳು. ಅಕ್ಕಿಬೇಳೆ ಹರಡಿಕೊಂಡು ಕುಳಿತ ಶೆಟ್ಟರ ಮುಂದೆ ಸಾಹೇಬರು ಬಹಳ ಹೊತ್ತು ನಿಂತರು. "ಗಿರಣಿ ಮುಚ್ಚಿದ ಮೇಲೆ ನಮ್ಮ ತಾತ ಇಂಥದೇ ಅಂಗಡಿ ಇಟ್ಟಿದ್ದರು," ಎಂದು ಹೇಳಿ ಕಣ್ಣೊರೆಸಿಕೊಂಡರು. ಹೀಗೆಂದು ನನ್ನ ನೆನಪು. ವಸುಧಾಳ ಪ್ರಕಾರ ಅವರು ಹೇಳಿದ್ದು, "ಉಪ್ಪು ಸ್ವಲ್ಪ ಕಮ್ಮಿ," ಎಂದು, ಅದೂ ಎರಡನೇ ಸಲ ಉಸಲಿ ಹಾಕಿಸಿಕೊಳ್ಳುವಾಗ. ಕರಾರು ಮುಂದುವರಿಯಿತು ಎನ್ನುವುದರಲ್ಲಿ ಮಾತ್ರ ನಮ್ಮಿಬ್ಬರಿಗೂ ಒಮ್ಮತವಿದೆ.

ಕತೆ ಇಲ್ಲಿಗೇ ಮುಗಿದಿದ್ದರೆ ಇದನ್ನು ನಾನು ನಾಲ್ಕು ಜನರ ನಡುವೆ ಹೇಳಿ ನಗಿಸುತ್ತಿದ್ದೆ. ಹಾಗೇ ಹೇಳುತ್ತಲೂ ಇದ್ದೆ, ಏಪ್ರಿಲ್‌ವರೆಗೆ. ಏಪ್ರಿಲ್‌ನಲ್ಲಿ ಇಳಾಳಿಗೆ ಸ್ಕೂಲಿನ ಸೀಟು ಬಂತು, ಕೊನೆಯ ಸೀಟು. ಎಲಿಗೆ ಬರಲಿಲ್ಲ. ಸ್ಕೂಲು ಇರುವುದು ನಮ್ಮ ಕಡೆಗೆ. ಅಳೆದು ನೋಡಿದರೆ ನಮ್ಮ ಬಾಗಿಲು ಬ್ರಯನ್ ಅವರ ಬಾಗಿಲಿಗಿಂತ ನಾಲ್ಕು ಹೆಜ್ಜೆ ಹತ್ತಿರ. ಸೆಪ್ಟೆಂಬರಿನಿಂದೀಚೆ ಬ್ರಯನ್ ದಿನಾ ಬೆಳಿಗ್ಗೆ, ಹುಬ್ಬಳ್ಳಿಯವರು ಕೂರಿಸಿದ ಕೀಲಿನ ಮೇಲೆ ಭಾರ ಬಿಟ್ಟು, ಎಲಿಯ ಕೈಹಿಡಿದು, ಎರಡು ಬಸ್ಸು ಬದಲಾಯಿಸಿ ಬೇರೆ ಸ್ಕೂಲಿಗೆ ಹೋಗುತ್ತಾರೆ. ನಾನು ಮತ್ತೆ ಹಿತ್ತಲಿಗೆ ಹೋಗುವುದನ್ನು ಬಿಟ್ಟೆ.

ಆದರೆ ಕಸದ ಬಿನ್ನು ಹೊರಗಿಡಲೇಬೇಕಲ್ಲ. ಒಂದು ಸಂಜೆ ಸಿಕ್ಕಿಬಿದ್ದೆ.

"ಸ್ಕೂಲೂ ತುಂಬಿಹೋಯ್ತು, ಲವ್," ಎಂದರು ಬ್ರಯನ್.

ನಾನು ಬಿನ್ನಿನ ಮುಚ್ಚಳ ಹಿಡಿದು ನಿಂತೆ. ಅವರು ನನ್ನ ಮುಖ ನೋಡಿ, "ನಿನ್ನ ಮಗಳಿಗಲ್ಲ ಹೇಳಿದ್ದು," ಎಂದರು.

"ಮತ್ತೆ ಯಾರಿಗೆ?"

ಅವರು ಊರುಗೋಲು ಎತ್ತಿದರು. ಈ ಸಲ ಅದು ನಿಜವಾಗಿಯೂ ಇತ್ತು. ಬಸ್ಸು ಹತ್ತಿಳಿಯಲು ಮತ್ತೆ ಬೇಕಾಯಿತಂತೆ. ಬಹುಶಃ ಇದೇ ಊರುಗೋಲು ಹಿಂದಕ್ಕೆ ನಡೆದುಹೋಗಿ ದಸರೆಯ ನೆನಪಿನೊಳಗೆ ನಿಂತದ್ದು. ಅದರ ತುದಿ ನಮ್ಮ ಮನೆಯ ಸೂರಿನ ಕಡೆಗಿತ್ತು. "ಅವರಿಗೆ," ಎಂದರು.

ಅವು ಗೊಂಬೆಗಳು ಎಂದು ನಾನು ಹೇಳಬಹುದಿತ್ತು. ಎಲಿ ಅವನ್ನು ನೋಡಿದ್ದಾಳೆ, ತಾತನಿಗೆ ಖಂಡಿತ ಹೇಳಿರುತ್ತಾಳೆ. ನಾನು ತಲೆಯೆತ್ತಿ ಸೂರು ನೋಡಿದೆ. "ಹೌದು ಬ್ರಯನ್," ಎಂದೆ. "ಜಾಸ್ತಿಯಾದ್ರು."

ಇಬ್ಬರಿಗೂ ಹಗುರವಾಯಿತು. ನಾವಿಲ್ಲದಿದ್ದರೆ ಆ ಸೀಟು ಎಲಿಗೆ ಸಿಗುತ್ತಿತ್ತೋ, ಈ ಮನೆಗೆ ಬೇರೆ ಯಾರೋ ಬಂದು ಅವರ ಮಗುವಿಗೆ ಸಿಗುತ್ತಿತ್ತೋ, ನನಗೆ ಗೊತ್ತಿಲ್ಲ. ಇಕ್ಬಾಲ್ ಸಾಹೇಬರಿಗೆ ಫೋನು ಮಾಡಿದವರು ಯಾರು, ಯಾರಾದರೂ ಮಾಡಿದ್ದರೇ, ಅದೂ ಗೊತ್ತಿಲ್ಲ. ಗೊಂಬೆಗಳನ್ನು ಪೇಪರು ಸುತ್ತಿ ಪೆಟ್ಟಿಗೆಗೆ ಹಾಕಿ, ಟೇಪು ಅಂಟಿಸಿದವನು ನಾನೇ. ಆದರೂ ಸಂಜೆ ಒಬ್ಬನೇ ಇದ್ದಾಗ, ಅಟ್ಟದಲ್ಲಿ ಯಾರೋ ಜಾಗ ಮಾಡಿಕೊಳ್ಳಲು ಸ್ವಲ್ಪ ಸರಿದು ಕುಳಿತಂತೆ ಸದ್ದಾಗುತ್ತದೆ. ಯಾರೆಂದು ಹತ್ತಿ ನೋಡಿಲ್ಲ.