ಚುಕ್ಕಿಯಿಲ್ಲವೆಂದು ಅಕ್ಕನನ್ನು ಹಿಂದಕ್ಕಟ್ಟಿದ ಸರ್ವರ್ ಮಹಾಶಯರಿಗೆ

ಮಾನ್ಯರೇ,

ಲೋಕದ ಹೆಸರುಗಳನ್ನೆಲ್ಲ ಬಾಯಿಪಾಠ ಮಾಡಿಕೊಂಡು, ಯಾವ ಇಮೇಲ್ ಯಾರ ಮನೆಗೆ ಹೋಗಬೇಕೆಂದು ಕೂತಲ್ಲಿಂದಲೇ ದಾರಿ ತೋರಿಸುವ ಡೊಮೈನ್ ನೇಮ್ ಸರ್ವರ್ ಆದ ತಮ್ಮ ಸನ್ನಿಧಾನಕ್ಕೆ, ಸಣ್ಣದೊಂದು ಮುದ್ರಣಾಲಯ ನಡೆಸುವ ನನ್ನ ದೊಡ್ಡ ನಮಸ್ಕಾರಗಳು. ತಂಪು ಕೋಣೆಯಲ್ಲಿ ತಾವು ಕ್ಷೇಮವೆಂದು ನಂಬಿದ್ದೇನೆ. ಇಲ್ಲಿ ನಾವು ಬೆವರುತ್ತಿದ್ದೇವೆ.

ಹಿಂದಿನ ತಿಂಗಳು ನಮ್ಮ ಇಮೇಲನ್ನು ಹೊಸ ಕಂಪನಿಗೆ ವರ್ಗಾಯಿಸಿದಾಗ, ಅವರು ಕೊಟ್ಟ ವಿಳಾಸವನ್ನು ತಮ್ಮಲ್ಲಿ ದಾಖಲಿಸಿದವರು ನಮ್ಮ ಚಿಕ್ಕಪ್ಪ. ಜೀವಮಾನವೆಲ್ಲ ಕರಡು ತಿದ್ದಿದ ಅವರು, ಕೊನೆಯಲ್ಲೊಂದು ಚುಕ್ಕಿ ಕಂಡೊಡನೆ "ವಿಳಾಸಕ್ಕೆ ಯಾರಾದ್ರೂ ಪೂರ್ಣವಿರಾಮ ಹಾಕ್ತಾರೇನೋ?" ಎಂದು ಅಳಿಸಿಯೇಬಿಟ್ಟರು. ಚುಕ್ಕಿಯಿಲ್ಲದಿದ್ದರೆ ಹೆಸರು ಮುಗಿದಿಲ್ಲವೆಂಬುದು ತಮ್ಮ ಶಾಸ್ತ್ರವಂತೆ. ಆದ್ದರಿಂದ ತಾವು ಧಾರಾಳವಾಗಿ ನಮ್ಮ ಮುದ್ರಣಾಲಯದ ಹೆಸರನ್ನು ಆ ವಿಳಾಸದ ಬಾಲಕ್ಕೆ ಅಂಟಿಸಿ, ಬಂದ ಪತ್ರಗಳಿಗೆಲ್ಲ ಭೂಮಿಯ ಮೇಲಿಲ್ಲದ ಮನೆಯ ದಾರಿ ತೋರಿಸಿ, ಅಂಥ ವಿಳಾಸವೇ ಇಲ್ಲವೆಂಬ ಷರಾದೊಡನೆ ಅವು ಹಿಂದಿರುಗುವಂತೆ ಮಾಡಿದಿರಿ. ಇಷ್ಟು ವಿಧೇಯರನ್ನು ನಾನು ನನ್ನ ಮನೆಯಲ್ಲೂ ಕಂಡಿಲ್ಲ.

ಗಿರಾಕಿಗಳ ಪತ್ರ ಹೋಗಲಿ ಬಿಡಿ. ಅಮ್ಮನ ಹೊಲಿಗೆ ಯಂತ್ರ ಯಾರಿಗೆ ಸೇರಬೇಕೆಂಬ ಜಗಳದಲ್ಲಿ ವರ್ಷಗಟ್ಟಲೆ ಮಾತುಬಿಟ್ಟಿದ್ದ ನನ್ನ ಅಕ್ಕ, ಕೊನೆಗೂ ಮನಸ್ಸು ಕರಗಿ, "ಹೇಗಿದ್ದೀಯೋ" ಎಂದು ಬರೆದ ಒಂದೇ ಒಂದು ಸಾಲನ್ನೂ ತಾವು, ಎಳ್ಳಷ್ಟು ಚುಕ್ಕಿಗಾಗಿ, ಅದೇ ನಿಷ್ಠೆಯಿಂದ ಹಿಂದಕ್ಕಟ್ಟಿದಿರಿ. ಆ ಷರಾ ನಾನೇ ಬರೆಸಿದ್ದೆಂದು ತಪ್ಪು ತಿಳಿದ ಅಕ್ಕ, ಎರಡು ಬಸ್ಸು ಬದಲಿಸಿ ಬಂದು, ಬಾಗಿಲಲ್ಲಿ ನಿಂತು, ಕೆಲಸಗಾರರೆಲ್ಲ ಯಂತ್ರ ನಿಲ್ಲಿಸಿ ಕೇಳುವಂತೆ, "ನಾನು ಬರೆದದ್ದನ್ನ ವಾಪಸ್ ಕಳಿಸೋಷ್ಟು ದೊಡ್ಡ ಮನುಷ್ಯ ಆದ್ಯೇನೋ?" ಎಂದು ನನ್ನ ನೀರಿಳಿಸಿದಳು. ನಾನು ಚುಕ್ಕಿಯ ಕಥೆ ಹೇಳಿದೆ, ನಂಬಲಿಲ್ಲ. ಚಿಕ್ಕಪ್ಪ ತಲೆ ತಗ್ಗಿಸಿದ ಮೇಲೆ ನಂಬಿದಳು, ನಕ್ಕಳು, ಕಾಗದದ ಕಟ್ಟಿನ ಮೇಲೆ ಕೂತು ಸಂಜೆಯವರೆಗೂ ನನ್ನನ್ನು ಬೈದಳು. ಅಂಥ ಸುಖದ ಬೈಗುಳ ಕೇಳಿ ಎಷ್ಟೋ ಕಾಲವಾಗಿತ್ತು.

ಈಗ ಚುಕ್ಕಿ ತನ್ನ ಜಾಗಕ್ಕೆ ಬಂದಿದೆ. ನನ್ನ ಬೇಡಿಕೆ ಇಷ್ಟೇ: ಇನ್ನು ಮುಂದೆ ಯಾವ ಪತ್ರವನ್ನಾದರೂ ದಾರಿ ತಪ್ಪಿಸುವ ಮುನ್ನ, ಬರೆದವರು ಅಂಗಡಿಯವರೋ ಅಕ್ಕನೋ ಎಂದು ವಿಚಾರಿಸಬೇಕು, ಅಕ್ಕನಾದರೆ ಕೂರಿಸಿ, ಒಂದು ಲೋಟ ನೀರು ಕೊಟ್ಟು, ನನಗೆ ಹೇಳಿಕಳುಹಿಸಬೇಕು.

ತಮ್ಮ ವಿಶ್ವಾಸಿಯೂ, ತಮ್ಮ ಪ್ರಕಾರ ಮೊನ್ನೆಯವರೆಗೆ ಭೂಮಿಯ ಮೇಲಿಲ್ಲದವನೂ ಆದ
ಮುದ್ರಣಾಲಯದ ಮಾಲೀಕ

ತಾ.ಕ.: ಚುಕ್ಕಿ ಹಾಕಿದಂದಿನಿಂದ ಅಕ್ಕನ ಇಮೇಲ್ ತಪ್ಪದೆ ಬರುತ್ತಿದೆ, ಅಕ್ಕ ಬರುತ್ತಿಲ್ಲ. ತಮಗೆ ತೊಂದರೆಯಾಗದಿದ್ದರೆ, ಅವಳದೊಂದು ಪತ್ರವನ್ನು ದಯವಿಟ್ಟು ಹಿಂದಿರುಗಿಸಿ.