ಊರಿಗೆ ಹೋದ ಆಮೆತಾತನ ವಿಚಾರ

ಮಕ್ಕಳ ಚಾನೆಲ್ಲಿನ ಕತ್ತರಿ ವಿಭಾಗದ ಮುಖ್ಯಸ್ಥರಾದ ಮಾನ್ಯರೇ,

ಈ ಕಾಗದ ಓದುತ್ತಿರುವವರು ತಾವೇ ಆಗಿರಲಿ, ತಮ್ಮ ಕೈಕೆಳಗಿನ ಗುಮಾಸ್ತರೇ ಆಗಿರಲಿ, ಮೊದಲು ಆ ಚಹಾದ ಲೋಟ ಪಕ್ಕಕ್ಕಿಟ್ಟು ನೆಟ್ಟಗೆ ಕೂತುಕೊಳ್ಳಿ. ಅರ್ಧ ಓದಿ, ಯಾವುದೋ ಮುದುಕಿಯ ಗೊಣಗಾಟವೆಂದು ಮಡಿಸಿ ಖಾನೆಗೆ ತುರುಕುವ ಕೈ ಅದು ಎಂಬುದು ನನಗೆ ಇಲ್ಲಿಂದಲೇ ಕಾಣುತ್ತಿದೆ. ನಡುವಿನ ಸಾಲು ಹಾರಿಸಬೇಡಿ. ಹಾರಿಸುವುದೇ ತಮ್ಮ ಉದ್ಯೋಗ, ಬಲ್ಲೆ. ಆದರೂ ಇದೊಂದನ್ನು ತಲೆಯಿಂದ ಬಾಲದವರೆಗೆ ಇಡಿಯಾಗಿ ನೋಡುವ ಕಷ್ಟ ತೆಗೆದುಕೊಳ್ಳಿ. ತಮ್ಮ ಕಚೇರಿಗೆ ಫೋನು ಮಾಡಿದರೆ ಒಂದು ಹೆಣ್ಣುದನಿ ಒಂದನ್ನು ಒತ್ತಿ, ಎರಡನ್ನು ಒತ್ತಿ ಎಂದು ನನ್ನ ಬೆರಳು ಸವೆಸಿತೇ ಹೊರತು ಒಬ್ಬ ಮನುಷ್ಯನನ್ನು ಲೈನಿಗೆ ಕೊಡಲಿಲ್ಲವಾದ್ದರಿಂದ, ಈ ಕಾಗದವನ್ನು ನಾಲ್ಕು ಜನ ಓದುವ ಪತ್ರಿಕೆಗೂ ಕೊಟ್ಟು ತಮ್ಮನ್ನು ಮಾತಾಡಿಸುತ್ತಿದ್ದೇನೆ. ತಾವೂ ತಮ್ಮ ಮನೆಯವರೂ ತಮ್ಮ ಕತ್ತರಿಯೂ ಕ್ಷೇಮವಾಗಿದ್ದೀರೆಂದು ನಂಬುತ್ತೇನೆ.

ಮೊದಲಿಗೆ ಹೊಗಳಿಕೆ. ನನ್ನ ಮೊಮ್ಮಗಳು, ಗಾತ್ರದಲ್ಲಿ ಚಿಕ್ಕವಳು, ಬಿಸಿ ತಾಗಿದರೆ ಸಿಡಿಯುವವಳು, ಆದ್ದರಿಂದ ಮನೆಯಲ್ಲಿ ಅವಳಿಗೆ ಸಾಸಿವೆ ಎಂದೇ ಹೆಸರು. ಅವಳೂ ನಾನೂ ದಿನಾ ಸಂಜೆ ಸೋಫಾದ ಮೇಲೆ ಒಂದೇ ಹೊದಿಕೆಯಡಿ ಕಾಲು ಸೇರಿಸಿಕೊಂಡು ತಮ್ಮ ಅಳಿಲುಮರಿಯ ಕಾರ್ಟೂನು ನೋಡುತ್ತೇವೆ. ಅದರಲ್ಲಿ ತಮ್ಮ ಕೈಚಳಕ ಎಂಥದ್ದು! ಮೊಲದಮ್ಮ ಕ್ಯಾರೆಟ್ಟು ಹೆಚ್ಚುವಾಗ ಅವಳ ಕೈಯಲ್ಲಿನ ಚಾಕುವನ್ನು ತಾವು ಮಬ್ಬು ಮಾಡಿದ್ದೀರಿ. ಅವಳು ಒಂದು ಹಿಡಿ ಹೊಗೆಯಿಂದ ಕ್ಯಾರೆಟ್ಟು ಹೆಚ್ಚುತ್ತಾಳೆ. ನನ್ನ ಸೊಸೆಗೂ ಅಂಥ ಹೊಗೆ ಸಿಕ್ಕಿದ್ದರೆ ಅವಳ ಬೆರಳಿನ ಪಟ್ಟಿ ಎಂದೋ ಬಿಚ್ಚುತ್ತಿದ್ದೆವು. ಅಪ್ಪ ಅಳಿಲು ಅಮ್ಮ ಅಳಿಲಿನ ಕೆನ್ನೆಗೆ ಮುತ್ತಿಡಲು ಬಗ್ಗುವುದೇ ತಡ, ಇಬ್ಬರೂ ಮರದ ಆ ಕೊಂಬೆಯಿಂದ ಈ ಕೊಂಬೆಗೆ ಬಂದುಬಿಟ್ಟಿರುತ್ತಾರೆ. ಗಂಡಹೆಂಡಿರು ಅಷ್ಟು ಬೇಗ ಜಾಗ ಬದಲಿಸುವುದನ್ನು ನಾನು ಜಗಳದಲ್ಲಿ ಮಾತ್ರ ಕಂಡಿದ್ದೆ. ಹಳ್ಳಿಯ ಶಾಲೆಯಲ್ಲಿ ನಾಲ್ಕನೇ ಕ್ಲಾಸಿಗೆ ನಿಂತ ನನಗೆ ಈ ಕಲೆ ಪೂರ್ತಿ ಅರ್ಥವಾಗದಿದ್ದರೆ ಮನ್ನಿಸಿ.

ಇಷ್ಟಕ್ಕೆಲ್ಲ ನಾನು ಕಾಗದ ಬರೆಯುವವಳಲ್ಲ. ಆಮೆತಾತನ ವಿಚಾರಕ್ಕೆ ಬರೆಯುತ್ತಿದ್ದೇನೆ.

ಆಮೆತಾತ ಅಳಿಲುಮರಿಗೆ ಈಜು ಕಲಿಸಿದವನು, ಕಲಿಯಲಿಲ್ಲವೆಂದು ಬೈದವನು, ಬೈದ ಮೇಲೆ ಬೆನ್ನ ಮೇಲೆ ಕೂರಿಸಿಕೊಂಡು ಹೊಳೆ ದಾಟಿಸಿದವನು. ಒಂದು ಶುಕ್ರವಾರ ಅವನು ಕೆಮ್ಮಿದ. ಸಾಸಿವೆ ನನ್ನ ಮುಖ ನೋಡಿದಳು, ಯಾಕೆಂದರೆ ನಾನೂ ಕೆಮ್ಮುತ್ತೇನೆ. ಸೋಮವಾರ ಟೀವಿ ಹಾಕಿದರೆ ಆಮೆತಾತ ಇಲ್ಲ. ಅಳಿಲುಮರಿ ಒಂದು ದಿಬ್ಬದ ಪಕ್ಕ ಕೂತು, ಮೂಗು ಕೆಂಪಾಗಿ, ಎದೆ ಬಿರಿಯುವ ಹಾಗೆ ಬಿಕ್ಕುತ್ತಾ, ಆಮೆತಾತ ಊರಿಗೆ ಹೋದ, ಆಮೆತಾತ ಊರಿಗೆ ಹೋದ ಎನ್ನುತ್ತಿದೆ. ಸುತ್ತ ನಿಂತ ಮೊಲ, ಜಿಂಕೆ, ಮುಳ್ಳುಹಂದಿ ಎಲ್ಲರೂ ತಲೆ ತಗ್ಗಿಸಿದ್ದಾರೆ. ಊರಿಗೆ ಹೋದವನ ಸಲುವಾಗಿ ಇಡೀ ಕಾಡು ಹೀಗೆ ಕಣ್ಣೀರಿಟ್ಟದ್ದನ್ನು ನೋಡಿ, ಅವನು ಯಾರ ಬಳಿಯಾದರೂ ಸಾಲ ಮಾಡಿ ಓಡಿಹೋದನೇ ಎಂದು ನನಗೇ ಅನುಮಾನ ಬಂತು.

ನಮ್ಮ ಮೇಲಿನ ಮನೆಯಲ್ಲಿ ಡಬ್ಬಿಂಗ್ ಮಾಡುವವರೊಬ್ಬರಿದ್ದಾರೆ, ನಾನು ದನಿಯಪ್ಪ ಎನ್ನುತ್ತೇನೆ. ಆಮೆತಾತನ ದನಿ ಅವರದೇ. ಮೆಟ್ಟಿಲಲ್ಲಿ ಅಡ್ಡ ಹಾಕಿ ಕೇಳಿದೆ. ಪಾಪ, ಕೈಯಲ್ಲಿ ಸೊಪ್ಪಿನ ಚೀಲ ಹಿಡಿದುಕೊಂಡೇ ಎಲ್ಲ ಹೇಳಿದರು. ಆಮೆತಾತ ಊರಿಗೂ ಹೋಗಿಲ್ಲ, ಕೇರಿಗೂ ಹೋಗಿಲ್ಲ, ಸತ್ತಿದ್ದಾನೆ. ಅದಕ್ಕೆಂದೇ ಒಂದು ಇಡೀ ಕಂತು ಇದೆ. ಅಳಿಲುಮರಿ ಅವನ ಚಿಪ್ಪಿಗೆ ಒರಗಿ ಸಂಜೆಯವರೆಗೂ ಕೂರುತ್ತದೆ, ಅವನು ಒಂದು ಹಣ್ಣು ತಿಂದು ಹುಳಿ ಎಂದು ಮುಖ ಕಿವಿಚುತ್ತಾನೆ, ಇನ್ನು ನೀನೇ ಹೊಳೆ ದಾಟು ಎನ್ನುತ್ತಾನೆ. ಆಮೇಲೆ ಮಾತಾಡುವುದಿಲ್ಲ. ಮಾರನೆಯ ದಿನ ಎಲ್ಲರೂ ಸೇರಿ ಗುಂಡಿ ತೋಡುತ್ತಾರೆ, ಅಳಿಲುಮರಿ ತನ್ನ ಹೊದಿಕೆ ತಂದು ಅವನಿಗೆ ಹೊದಿಸುತ್ತದೆ. ಸೋಮವಾರ ನಾವು ನೋಡಿದ ದಿಬ್ಬ ಅದೇ.

ಆ ಕಂತು ಮಕ್ಕಳ ಮನಸ್ಸು ಕೆಡಿಸುತ್ತದೆಂದು ತಾವು ಪೂರ್ತಿ ತೆಗೆದಿರಿ. ಮುಂದಿನದರಲ್ಲಿ, ತಾತ ಸತ್ತುಹೋದ ಎಂದು ಅಳಿಲುಮರಿಯ ಬಾಯಿ ಅಲ್ಲಾಡುವಷ್ಟು ಹೊತ್ತಿಗೆ ಸರಿಯಾಗಿ, ಊರಿಗೆ ಹೋದ ಎಂಬ ಮಾತು ತುಂಬಿಸಿದಿರಿ. ಅಳಿಲುಮರಿಗೆ ದನಿ ಕೊಡುವ ಹೆಣ್ಣುಮಗಳು ಸತ್ತುಹೋದ ಎಂದು ಹೇಳುವಾಗ ನಿಜವಾಗಿ ಅತ್ತಿದ್ದಳಂತೆ. ಮಾತು ಬದಲಿಸಲು ಮತ್ತೆ ಕರೆದಾಗ, ಆ ಅಳು ಚೆನ್ನಾಗಿದೆ, ಅದನ್ನು ಹಾಗೇ ಇಟ್ಟುಕೊಳ್ಳೋಣ ಎಂದರಂತೆ ತಮ್ಮವರು. ಇದಲ್ಲವೇ ಜಾಣತನ! ಸಾವನ್ನು ತೆಗೆದಿರಿ, ಅಳುವನ್ನು ಉಳಿಸಿಕೊಂಡಿರಿ.

ಇನ್ನು ನನ್ನ ಮನೆಯ ಕಷ್ಟ. ಬರುವ ತಿಂಗಳು ನನ್ನ ಎದೆಯ ಆಪರೇಷನ್ ಇದೆ. ಡಾಕ್ಟರು ಒಳ್ಳೆಯವರು; ಭಯ ಬೇಡ, ಸಾಮಾನ್ಯವಾಗಿ ಎಲ್ಲರೂ ಎದ್ದು ಓಡಾಡುತ್ತಾರೆ ಎಂದಿದ್ದಾರೆ. ಆ ಸಾಮಾನ್ಯವಾಗಿ ಎಂಬುದನ್ನು ಮಗ ಕೇಳಿಸಿಕೊಂಡಿಲ್ಲ, ನಾನು ಕೇಳಿಸಿಕೊಂಡಿದ್ದೇನೆ. ಮಗುವಿಗೆ ಏನು ಹೇಳುವುದೆಂದು ಊಟದ ಮೇಜಿನಲ್ಲಿ ಚರ್ಚೆಯಾಯಿತು. ನನ್ನ ಮಗನಿಗೆ ತಮ್ಮ ಕಚೇರಿಯಲ್ಲಿ ಒಂದು ಕುರ್ಚಿ ಕೊಡಬಹುದು, ಅಷ್ಟು ಯೋಗ್ಯ. ಅಜ್ಜಿ ಸ್ವಲ್ಪ ದಿನ ಊರಿಗೆ ಹೋಗಿಬರ್ತಾಳೆ ಎಂದು ಸಾಸಿವೆಗೆ ಹೇಳಿಯೇಬಿಟ್ಟ.

ಮರುದಿನದಿಂದ ನನ್ನ ಚಪ್ಪಲಿ ಕಾಣೆ. ಹುಡುಕಿ ಹುಡುಕಿ ಸೊಸೆ ಕೊನೆಗೆ ಹಿಟ್ಟಿನ ಡಬ್ಬ ತೆಗೆದರೆ ಅಲ್ಲಿ ಎರಡೂ ಬೆಳ್ಳಗೆ ಮಲಗಿವೆ. ನಾನು ಬಚ್ಚಲಿಗೆ ಹೋದರೆ ಬಾಗಿಲ ಕೆಳಗಿನ ಸಂದಿನಲ್ಲಿ ಐದು ಪುಟ್ಟ ಬೆರಳು ಒಳಗೆ ಬರುತ್ತವೆ. ನಾನು ಕಾಲಿನಿಂದ ಮುಟ್ಟಿ ಇದ್ದೇನೆ ಎಂದು ತಿಳಿಸಬೇಕು. ಸ್ಕೂಲಿಗೆ ಹೋಗಲು ಒಲ್ಲಳು. ನಾನು ಬರುತ್ತೇನೆ ಕಣೇ, ಊರಿಗೆ ಹೋದವರು ಬರುವುದಿಲ್ಲವೇ ಎಂದು ಸಮಾಧಾನ ಮಾಡಲು ಹೋದೆ. ಅವಳು ನನ್ನ ಸೆರಗು ಹಿಡಿದುಕೊಂಡು ಹೇಳಿದಳು:

"ಬರಲ್ಲ ಅಜ್ಜಿ. ಬರೋ ಹಾಗಿದ್ರೆ ಅಳಿಲು ಅಷ್ಟು ಅಳ್ತಿರಲಿಲ್ಲ."

ನೋಡಿದಿರಾ ಮಾನ್ಯರೇ, ತಾವು ಅಷ್ಟು ಶ್ರಮಪಟ್ಟು ಬಚ್ಚಿಟ್ಟದ್ದು ಅವಳಿಗೆ ಸಿಕ್ಕಿತು. ಸಿಗದೇ ಹೋದದ್ದು ಚಿಪ್ಪಿಗೆ ಒರಗಿದ ಸಂಜೆ, ಹುಳಿ ಹಣ್ಣು, ಹೊದಿಕೆ.

ಆಮೆತಾತ ಸತ್ತುಹೋದ, ಅದಕ್ಕೇ ಅಳಿಲು ಅತ್ತಿತು; ನಾನು ಹೋಗುವುದು ಊರಿಗಲ್ಲ, ಆಸ್ಪತ್ರೆಗೆ ಎಂದು ಅವಳನ್ನು ಕೂರಿಸಿಕೊಂಡು ನಿಜ ಹೇಳಿದೆ. ಅರ್ಧ ನಂಬಿದಳು. ಅಷ್ಟರಲ್ಲಿ ತಾವು, ತೆಗೆದ ಕಂತಿನಿಂದ ಖಾಲಿ ಬಿದ್ದ ಜಾಗ ತುಂಬಿಸಲು ಹಳೆಯ ಕಂತೊಂದನ್ನು ಹಾಕಿದಿರಿ; ಆಮೆತಾತ ಹೊಳೆಯಲ್ಲಿ ತೇಲುತ್ತಾ ಹಾಡುತ್ತಿದ್ದಾನೆ. ಸಾಸಿವೆ ನನ್ನ ಕಡೆ ತಿರುಗಿ ನೋಡಿದ ನೋಟ ಇದೆಯಲ್ಲ, ಕಳ್ಳಿಯನ್ನು ಹಾಗೆ ನೋಡಬೇಕು. ಈಗ ಆಸ್ಪತ್ರೆಯ ಮಾತನ್ನೂ ಅವಳು ನಂಬುವುದಿಲ್ಲ. ದನಿಯಪ್ಪನವರನ್ನು ಕರೆದು ಆ ಕೊನೆಯ ಮಾತುಗಳನ್ನು ಅದೇ ದನಿಯಲ್ಲಿ ಹೇಳಿ ಎಂದು ಬೇಡಿಕೊಂಡೆ. ಹೊರಗೆ ಆಡುವಂತಿಲ್ಲ ಎಂದು ತಮಗೆ ಸಹಿ ಮಾಡಿಕೊಟ್ಟಿದ್ದಾರಂತೆ. ಕಣ್ಣು ತಗ್ಗಿಸಿ ಮೆಟ್ಟಿಲು ಹತ್ತಿದರು. ಅವರ ಮೇಲೆ ಸಿಟ್ಟಾಗಬೇಡಿ. ಕಥೆ ಹೇಳಿದ್ದಷ್ಟೆ, ದನಿ ಕೊಡಲಿಲ್ಲ.

ಇನ್ನೊಂದು ಮೆಚ್ಚುಗೆ ಬಾಕಿ ಇದೆ. ಅದೇ ಅಳಿಲುಮರಿಯ ಕಾರ್ಟೂನಿನ ನಡುವೆ ತಾವು ವಿಮೆಯ ಜಾಹೀರಾತು ಹಾಕುತ್ತೀರಿ. ಅಪ್ಪ ಮಗಳ ಸೈಕಲ್ಲು ಹಿಡಿದು ಓಡುತ್ತಿರುತ್ತಾನೆ, ಮರುಗಳಿಗೆ ಸೈಕಲ್ಲಿನ ಹಿಂದೆ ಯಾರೂ ಇರುವುದಿಲ್ಲ, ಅಮ್ಮ ಕಿಟಕಿಯ ಬಳಿ ಒಬ್ಬಳೇ ನಿಂತಿರುತ್ತಾಳೆ. ಆ ಅಪ್ಪನನ್ನು ತಾವು ಊರಿಗೆ ಕಳಿಸಲಿಲ್ಲ. ಅವನು ಸತ್ತರೆ ತಮಗೆ ಒಂದಿಷ್ಟು ಕಾಸು, ಆಮೆ ಸತ್ತರೆ ಚಿಪ್ಪು. ಲೆಕ್ಕ ಸರಿಯಾಗಿದೆ.

ಆದ್ದರಿಂದ ನನ್ನ ವಿನಂತಿಗಳು. ತಮ್ಮ ಕತ್ತರಿಯವರಲ್ಲಿ ಒಬ್ಬರನ್ನು ನಮ್ಮ ಮನೆಗೆ ಕಳಿಸಿಕೊಡಿ, ಊಟ ವಸತಿ ನನ್ನದು. ಕೆಳಗಿನ ಮನೆಯ ಬೆಕ್ಕು ನಮ್ಮ ಬಾಗಿಲಿಗೆ ತಂದು ಹಾಕುವ ಇಲಿಗಳನ್ನು ಅವರು ಊರಿಗೆ ಕಳಿಸಲಿ. ಮಗನೂ ಸೊಸೆಯೂ ಜಗಳಕ್ಕೆ ನಿಂತಾಗ ಅವರ ಬಾಯಿಗೆ ಹವಾಮಾನದ ಮಾತು ತುಂಬಲಿ. ಆಪರೇಷನ್ ದಿನ ಡಾಕ್ಟರ ಕೈಯಲ್ಲಿರುವುದನ್ನು ಮಬ್ಬು ಮಾಡಿ, ಒಂದು ಹಿಡಿ ಹೊಗೆಯಿಂದಲೇ ನನ್ನ ಎದೆ ತೆರೆಯುವಂತೆ ಏರ್ಪಾಡು ಮಾಡಲಿ. ನಾನು ಎದ್ದು ಬಂದರೆ ಸರಿ. ಬರದಿದ್ದರೆ ನನ್ನ ಹಳೆಯ ಕಂತೊಂದನ್ನು ತಂದು ಸೋಫಾದ ಮೇಲೆ, ಅದೇ ಹೊದಿಕೆಯಡಿ, ಸಾಸಿವೆಯ ಪಕ್ಕ ಕೂರಿಸಲಿ. ಇಷ್ಟು ಮಾಡಲು ತಮ್ಮ ಕೈಯಲ್ಲಿ ಆಗುವುದಾದರೆ ನನ್ನ ತಕರಾರಿಲ್ಲ, ಈ ಕಾಗದವನ್ನು ಹರಿದುಹಾಕಿ.

ಆಗುವುದಿಲ್ಲವಾದರೆ, ಆಮೆತಾತನ ಕಂತನ್ನು ಪ್ರಸಾರ ಮಾಡಿ. ನಾನು ಇರುವಾಗಲೇ ಮಾಡಿ. ಅವಳು ಅದನ್ನು ನನ್ನ ಪಕ್ಕದಲ್ಲಿ ಕೂತು ನೋಡಬೇಕು, ನನ್ನ ಭುಜಕ್ಕೆ ಮೂಗು ಒರೆಸಿಕೊಳ್ಳಬೇಕು, ಕೇಳುವುದನ್ನೆಲ್ಲ ನನ್ನನ್ನೇ ಕೇಳಬೇಕು. ನಾನು ಆಸ್ಪತ್ರೆಗೆ ಹೊರಡುವ ದಿನ ಚಪ್ಪಲಿಯನ್ನು ಅವಳೇ ತಂದುಕೊಡಬೇಕು. ತಾವು ಇದನ್ನು ಕೊಟ್ಟರೆ ನನಗೆ ಡಾಕ್ಟರ ಸಾಮಾನ್ಯವಾಗಿ ಎಂಬ ಮಾತು ಸಾಕು.

ಇತಿ, ತಮ್ಮ ಚಾನೆಲ್ಲನ್ನು ಕಣ್ಣು ಮಿಟುಕಿಸದೆ ನೋಡುವ,
ತಮ್ಮ ವಿಶ್ವಾಸಿ,
ಸಾಸಿವೆಯ ಅಜ್ಜಿ

ತಾ.ಕ.: ತಿಂಗಳು ಕಳೆದ ಮೇಲೆ ನಿಧಾನವಾಗಿ ಉತ್ತರ ಬರೆದರಾಯಿತು ಎಂದುಕೊಳ್ಳಬೇಡಿ. ಆಗ ತಾವೇ ಉತ್ತರ ಹಿಡಿದು ಬಂದರೂ ಬಾಗಿಲು ತೆರೆಯುವವಳು ಸಾಸಿವೆ. ಅಜ್ಜಿ ಎಲ್ಲಿ ಎಂದರೆ, ಊರಿಗೆ ಹೋಗಿದಾಳೆ ಎಂದು ಅವಳು ಹೇಳಬಹುದು. ತಾವೇ ಕಲಿಸಿದ ಮಾತಾದ್ದರಿಂದ ಅದನ್ನು ತಾವು ನಂಬಿ, ನಾನು ವಾಪಸು ಬರುವವರೆಗೂ ಮೆಟ್ಟಿಲ ಮೇಲೆ ಕಾಯಬೇಕಾಗುತ್ತದೆ. ಮುಂದಿನ ತಿಂಗಳು ಹುಟ್ಟುವ ಮೊದಲೇ ಉತ್ತರ ಬರೆಯಿರಿ.