ಕಾನ್ರಾಡರು ಆರಿಸಿದ ಉಪಾಧ್ಯಕ್ಷ

ಅಧ್ಯಕ್ಷ ಸ್ಥಾನಕ್ಕೆ ನಿಲ್ಲುವವರು ತಮ್ಮ ಉಪಾಧ್ಯಕ್ಷನನ್ನೂ ಜೊತೆಗೇ ಕರೆತರಬೇಕೆಂದು ಅಬುಧಾಬಿಯಲ್ಲಿರುವ ಕರಾವಳಿಯವರ ಸಂಘ ಕಡಲತಡಿ ಬಳಗ ಈ ವರ್ಷ ಹೊಸ ನಿಯಮ ಮಾಡಿತು. ಕಾನ್ರಾಡರ ನೆಮ್ಮದಿ ಕೆಟ್ಟದ್ದು ಅಲ್ಲಿಂದ. ಒಂಬತ್ತು ವರ್ಷ ಕಾರ್ಯದರ್ಶಿಯಾಗಿ ದುಡಿದವರು ಅವರು, ಬಳಗದವರು ಗೌರವದಿಂದ ಕರೆಯುವುದು ಕಾನ್ರಾಡ್ ಬಾಬ್ ಎಂದು. ಮುಂದಿನ ವರ್ಷ ನಿವೃತ್ತಿ, ವೀಸಾ ಮುಗಿದು ಊರಿಗೆ. ಒಮ್ಮೆ ಅಧ್ಯಕ್ಷನಾಗಿಯೇ ಹೋಗಬೇಕೆಂಬುದು ಅವರ ಆಸೆ. ನಗುವವರು ನಗಲಿ, ಅದೇನು ಸಣ್ಣ ಆಸೆಯಲ್ಲ.

ಭಾನುವಾರ ಸಂಜೆ ಆರರೊಳಗೆ ನಾಮಪತ್ರ ಕೊಡಬೇಕಿತ್ತು.

"ಡಿಕ್ಸನ್‌ನನ್ನು ಕೇಳಿ," ಅಂದಳು ಹೆಂಡತಿ ಡೊರೊತಿ. "ಒಳ್ಳೆ ಭಾಷಣ ಮಾಡ್ತಾನೆ."

"ಅದಕ್ಕೇ ಬೇಡ ಹೇಳಿದ್ದು. ಅವನು ಮೈಕ್ ಹಿಡಿದ್ರೆ ಅಧ್ಯಕ್ಷ ಯಾರೂಂತ ಜನರಿಗೆ ಡೌಟು ಬರ್ತದೆ."

"ಶಾರನ್ ಆಗ್ಬಹುದಾ?"

"ಅವಳಿಗೆ ಹಾಡ್ಲಿಕ್ಕೆ ಬರ್ತದೆ ಮಾರಾಯ್ತಿ. ಅದು ಭಾಷಣಕ್ಕಿಂತ ಡೇಂಜರ್."

ಭಾನುವಾರ ಮಧ್ಯಾಹ್ನದ ಹೊತ್ತಿಗೆ ಅವರಿಗೆ ಇಗ್ನೇಶಿಯಸ್ ನೆನಪಾದ. ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ, ಪೇಟೆಯಿಂದ ದೂರದ ಬನಿಯಾಸಿನಲ್ಲಿ ವಾಸ. ಬಳಗದ ಯಾವ ಸಭೆಯಲ್ಲೂ ಬಾಯಿ ಬಿಟ್ಟವನಲ್ಲ. ಎಲ್ಲ ಮುಗಿದ ಮೇಲೆ ಕುರ್ಚಿ ಜೋಡಿಸಿಟ್ಟು ಹೋಗುವವನು. ಹೇಳಿ ಮಾಡಿಸಿದಂತಿದ್ದ. ಕಾನ್ರಾಡರು ಅವನ ಫ್ಲಾಟಿಗೇ ಹೋಗಿ ನಾಮಪತ್ರ ಮುಂದಿಟ್ಟರು. ಅವನು ಸಹಿ ಹಾಕಿ ಕಾರು ಹತ್ತಿದ. ಎಲೆಕ್ಟ್ರಾ ಸ್ಟ್ರೀಟಿನ ಹೋಟೆಲು ಮುಟ್ಟುವ ತನಕ, ಮುಕ್ಕಾಲು ಗಂಟೆ, ಕಾನ್ರಾಡರೊಬ್ಬರೇ ಮಾತಾಡಿದರು.

ಹೋಟೆಲಿನ ಮಹಡಿಯಲ್ಲಿ ಚುನಾವಣಾಧಿಕಾರಿ ಫೆಲ್ಸಿ ಬಾಯಿ, ಎದುರಾಳಿ ಆಲ್ವಿನ್, ಸದಸ್ಯರೆಲ್ಲ ಸೇರಿದ್ದರು. ಇಗ್ನೇಶಿಯಸನನ್ನು ಕಂಡದ್ದೇ ಆಲ್ವಿನ್ ಎದ್ದು ನಿಂತ.

"ಇವನು ನಿಲ್ತಾನಾ? ನನ್ನ ಅಮ್ಮನಿಗೆ ಆಪರೇಶನ್ ಆದಾಗ ಮೂರು ದಿನ ಆಸ್ಪತ್ರೆಯಲ್ಲೇ ಕೂತದ್ದು ಇವನು. ಇವನನ್ನು ಅಧ್ಯಕ್ಷ ಮಾಡುದಾದ್ರೆ ನನ್ನ ನಾಮಪತ್ರ ಖಲಾಸ್, ಈಗಲೇ ವಾಪಸ್ ತಗೊಳ್ತೇನೆ."

ಬಳಗದಲ್ಲಿ ಪ್ರತಿಯೊಬ್ಬರಿಗೂ ಇನ್ನೊಬ್ಬರ ಮೇಲೆ ಮುನಿಸಿತ್ತು. ಇಗ್ನೇಶಿಯಸನ ಮೇಲೆ ಯಾರಿಗೂ ಇರಲಿಲ್ಲ. ಐದೇ ನಿಮಿಷದಲ್ಲಿ ಅವಿರೋಧ ಆಯ್ಕೆ ಮುಗಿಯಿತು. ಕರೆತಂದವರೇ ಕಾನ್ರಾಡರು, ಬೇಡವೆನ್ನುವಂತಿರಲಿಲ್ಲ; ತಮ್ಮ ನಾಮಪತ್ರ ಮಡಚಿ ಜೇಬಿಗಿಟ್ಟರು. ಎಲ್ಲರೊಂದಿಗೆ ಚಪ್ಪಾಳೆ ತಟ್ಟಿದರು. ಉಪಾಧ್ಯಕ್ಷನಾಗಿಯಾದರೂ ಊರಿಗೆ ಹೋಗಬಹುದಲ್ಲ ಎಂದು ಸಮಾಧಾನ ಮಾಡಿಕೊಂಡರು.

"ನಿಯಮದ ಪ್ರಕಾರ ಉಪಾಧ್ಯಕ್ಷರನ್ನು ನೀವೇ ಹೇಳ್ಬೇಕು," ಎಂದು ಫೆಲ್ಸಿ ಬಾಯಿ ಇಗ್ನೇಶಿಯಸನ ಕಡೆ ತಿರುಗಿದರು.

ಕಾನ್ರಾಡರು ಕಾಲರ್ ಸರಿಮಾಡಿಕೊಂಡು ಅರ್ಧ ಎದ್ದರು.

ಇಗ್ನೇಶಿಯಸ್ ಬಳಗದ ಸಭೆಯಲ್ಲಿ ಮೊದಲ ಸಲ ಬಾಯಿ ತೆರೆದ.

"ಕಾನ್ರಾಡ್ ಬಾಬ್ ಒಳ್ಳೆಯವರೇ. ಆದ್ರೆ ಬನಿಯಾಸಿನಿಂದ ಇಲ್ಲಿವರೆಗೆ ಅವರ ಒಟ್ಟಿಗೆ ಬಂದೆ ನೋಡಿ. ನಂಗೆ ಬೇರೆ ಯಾರಾದ್ರೂ ಆದೀತು."